ಕಸುಬಿನ ಶಾಲೆಯ ಕೆರ್ಷೆನ್‌ಸ್ಟೈನರ್

ಜರ್ಮನಿಯ ದಕ್ಷಿಣದಲ್ಲಿ, ಆಲ್ಪ್ಸ್ ಪರ್ವತಶ್ರೇಣಿಗೆ ಅನತಿದೂರದಲ್ಲಿ, ಈಸಾರ್ ನದಿಯ ದಡದ ಮೇಲೆ ಮ್ಯೂನಿಕ್ ನಗರವಿದೆ. ಅದು ಬವೇರಿಯ ಪ್ರಾಂತದ ರಾಜಧಾನಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಈ ನಗರವು ಬಹು ಬೇಗ ಬೆಳೆಯುತ್ತಿತ್ತು. ಹಳ್ಳಿಗಳಿಂದ ಜನರು ಗುಂಪುಗುಂಪಾಗಿ ಬಂದು ನೆಲೆಸುತ್ತಿದ್ದರು. ಅಲ್ಲಿ ದೊಡ್ಡ ಕಾರ್ಖಾನೆಗಳಿಗಿಂತ ಸಣ್ಣ ಸಣ್ಣ ಕಮ್ಮಟಗಳೇ ಹೆಚ್ಚು. ಬಡಗಿಗಳು, ಬೀಗ ಮಾಡುವವರು, ದರ್ಜಿಗಳು, ರೊಟ್ಟಿ ಬೇಯಿಸುವವರು, ಪುಸ್ತಕಕ್ಕೆ ರಟ್ಟು ಕಟ್ಟುವವರು, ಅಕ್ಕಸಾಲಿಗರು, ಮನೆಮನೆಯ ಹೊಗೆಗೂಡನ್ನು ಗುಡಿಸುವವರು ಹೀಗೆ ನೂರಾರು ಬಗೆಯ ಕಸುಬುದಾರರು ಆ ನಗರದಲ್ಲಿ ಬಾಳುತ್ತಿದ್ದರು.

ಈ ಕಸುಬುದಾರರ ಮಕ್ಕಳೂ ಕೂಲಿಕಾರರ ಮಕ್ಕಳೂ ಹದಿಮೂರು ಹದಿನಾಲ್ಕು ವರ್ಷ ವಯಸ್ಸಿಗೆ ಪ್ರಾಥಮಿಕ ಶಾಲೆಯನ್ನು ಬಿಡುತ್ತಿದ್ದರು. ಮುಂದಿನ ಓದು ಹಣವುಳ್ಳವರ ಪಾಲಿನದು. ಶಾಲೆ ಬಿಟ್ಟ ಹುಡುಗನು ಯಾವನಾದರೊಬ್ಬ ಯಜಮಾನನ ಬಳಿ ಕೆಲಸ ಕಲಿಯಲು ಸೇರುತ್ತಿದ್ದನು. ಬೆಳಗಿನಿಂದ ಸಂಜೆಯವರೆಗೆ ದುಡಿತ. ಯಜಮಾನನು ಒಳ್ಳೆಯವನಾದರೆ ಕೈಹಿಡಿದು ಕಲಿಸುವನು. ಇಲ್ಲವಾದರೆ ಕಸ ಗುಡಿಸುವುದು, ಸಾಮಾನು ಹೊರುವುದು, ಬೀದಿಗೆ ಹೋಗಿ ಬರುವುದು ಇಷ್ಟರಲ್ಲಿಯೇ ಎರಡು ಮೂರು ವರ್ಷಗಳು ಕಳೆದುಹೋಗುತ್ತಿದ್ದವು. ಇಂತಹ ಹುಡುಗರಿಗಾಗಿ ಭಾನುವಾರದ ಶಾಲೆ, ಮುಂದುವರಿಕೆ ಶಾಲೆ ಎಂಬ ಏರ್ಪಾಡುಗಳು ಇದ್ದವು. ಅಲ್ಲಿಗೆ ಹೋಗುವುದು ಕಡ್ಡಾಯವೂ ಆಗಿತ್ತು. ಆದರೆ ಅಲ್ಲಿ ನಡೆಯುತ್ತಿದ್ದುದೇನು? ಪ್ರಾಥಮಿಕ ಶಾಲೆಯಲ್ಲಿ ಒಮ್ಮೆ ಓದಿದ ಪಾಠ, ಮಾಡಿದ ಲೆಕ್ಕ, ಬರೆದ ಉಕ್ತಲೇಖನ ಇವುಗಳ ಪುನರಾವರ್ತನೆ. ವಾರವಿಡೀ ದುಡಿದು ದಣಿದ ಹುಡುಗರು ಅಲ್ಲಿ ಕುಳಿತು ತೂಕಡಿಸುತ್ತಿದ್ದರು ಅಥವಾ ಗಲಾಟೆ ಮಾಡುತ್ತಿದ್ದರು. ಉಪಾಧ್ಯಾಯರಿಗೆ ಅದು ಶಿಕ್ಷೆ, ಹುಡುಗರಿಗೆ ಅದಕ್ಕಿಂತ ಹೆಚ್ಚಿನ ಶಿಕ್ಷೆ. ಶಾಲೆಯು ಕೈಬಿಟ್ಟ, ಯಜಮಾನನು ಪೂರ್ತಿಯಾಗಿ ಕೈಹಿಡಿಯದ ಈ ಹುಡುಗರ ಬದುಕಿನಲ್ಲಿ ನಾಲ್ಕಾರು ವರ್ಷಗಳು ಹೀಗೆ ವ್ಯರ್ಥವಾಗುತ್ತಿದ್ದುದನ್ನು ಕಂಡು, ಅದಕ್ಕೆ ಒಂದು ದಾರಿಯನ್ನು ಹುಡುಕಿದವರು ಗಿಯೋರ್ಗ್ ಕೆರ್ಷೆನ್‌ಸ್ಟೈನರ್.

ಕೆರ್ಷೆನ್‌ಸ್ಟೈನರ್ ಅವರು 1854ನೆಯ ಇಸವಿ ಜುಲೈ 29ರಂದು ಮ್ಯೂನಿಕ್ ನಗರದಲ್ಲಿಯೇ ಜನಿಸಿದರು. ಅವರದು ಒಂದು ಕಾಲಕ್ಕೆ ವ್ಯಾಪಾರ ಮಾಡಿಕೊಂಡಿದ್ದು ಬಡತನಕ್ಕೆ ಇಳಿದಿದ್ದ ಮನೆತನ. ಬಡವರ ಮನೆಯ ಬುದ್ಧಿವಂತ ಹುಡುಗನಿಗೆ ಆ ಕಾಲದಲ್ಲಿ ತೆರೆದಿದ್ದ ದಾರಿಗಳು ಕೆಲವೇ. ಅವುಗಳಲ್ಲಿ ಹಳ್ಳಿಯ ಉಪಾಧ್ಯಾಯನಾಗುವುದು ಒಂದು. ಫ್ರೈಜಿಂಗ್ ಎಂಬ ಊರಿನಲ್ಲಿ ಉಪಾಧ್ಯಾಯ ವೃತ್ತಿಗೆ ಬೇಕಾದ ಶಿಕ್ಷಣವನ್ನು ಪಡೆದು, 1871ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿಯೇ, ಅವರು ಫೋರ್ಸ್ಟಿನಿಂಗ್ ಎಂಬ ಹಳ್ಳಿಯಲ್ಲಿ ಸಹಾಯಕ ಉಪಾಧ್ಯಾಯರಾದರು. ಕೆಲಸ ದೊರೆಯಿತು, ಊಟಕ್ಕೆ ದಾರಿಯಾಯಿತು. ಬಹು ಮಂದಿ ಅಷ್ಟಕ್ಕೇ ತೃಪ್ತರಾಗಿ ಉಳಿದುಬಿಡುತ್ತಿದ್ದರು.

ಕೆರ್ಷೆನ್‌ಸ್ಟೈನರ್ ಅವರಿಗೆ ಆ ತೃಪ್ತಿ ಬರಲಿಲ್ಲ. ಇನ್ನೊಬ್ಬರಿಗೆ ಕಲಿಸಲು ತಾವು ಕಲಿತಿರುವುದು ಸಾಲದು ಎಂಬ ಅರಿವು ಅವರನ್ನು ಕಾಡಿತು. ಕೆಲವು ವರ್ಷಗಳಲ್ಲಿಯೇ ಅವರು ಕೈಗೆ ಬಂದ ಕೆಲಸವನ್ನು ಬಿಟ್ಟು, ತಮಗಿಂತ ಚಿಕ್ಕವರಾದ ಹುಡುಗರ ಜೊತೆಯಲ್ಲಿ ಮತ್ತೆ ಪ್ರೌಢಶಾಲೆಯ ಬೆಂಚಿನ ಮೇಲೆ ಕುಳಿತರು. ಉಪಾಧ್ಯಾಯನಾಗಿದ್ದವನು ವಿದ್ಯಾರ್ಥಿಯಾಗುವುದು ಸುಲಭದ ಮಾತಲ್ಲ. 1877ರಲ್ಲಿ ಪ್ರೌಢಶಾಲೆಯ ಪರೀಕ್ಷೆ ಮುಗಿಯಿತು. ಅನಂತರ ಮ್ಯೂನಿಕ್ಕಿನಲ್ಲಿಯೇ ಗಣಿತವನ್ನೂ ಭೌತವಿಜ್ಞಾನವನ್ನೂ ಅಭ್ಯಾಸ ಮಾಡಿ, 1883ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಕೆಲವು ಕಾಲ ಹವಾಮಾನ ಪರಿಶೀಲನಾ ಕೇಂದ್ರದಲ್ಲಿಯೂ ಕೆಲಸ ಮಾಡಿದರು. ಆಮೇಲೆ ನ್ಯೂರೆಂಬರ್ಗ್, ಶ್ವೈನ್‌ಫುರ್ಟ್, ಮ್ಯೂನಿಕ್ ನಗರಗಳ ಪ್ರೌಢಶಾಲೆಗಳಲ್ಲಿ ಅಧ್ಯಾಪಕರಾಗಿದ್ದರು. ವಿದ್ಯಾರ್ಥಿಗಳನ್ನು ಕೊಠಡಿಯಿಂದ ಹೊರಕ್ಕೆ ಕರೆದೊಯ್ದು ಗಿಡಮರಗಳನ್ನೂ ಕಲ್ಲುಮಣ್ಣುಗಳನ್ನೂ ಕಣ್ಣಾರೆ ನೋಡಿಸಿ ಕಲಿಸುವುದರಲ್ಲಿ ಅವರಿಗೆ ವಿಶೇಷವಾದ ಪ್ರೀತಿ.

1895ರಲ್ಲಿ ಮ್ಯೂನಿಕ್ ನಗರಸಭೆಯು ಅವರನ್ನು ನಗರದ ಶಾಲೆಗಳೆಲ್ಲಕ್ಕೂ ಮುಖ್ಯಾಧಿಕಾರಿಯನ್ನಾಗಿ ಆರಿಸಿತು. ಆಗ ಅವರಿಗೆ ನಲವತ್ತೊಂದು ವರ್ಷ. ಈ ಸ್ಥಾನದಲ್ಲಿ ಅವರು 1919ರವರೆಗೆ, ಇಪ್ಪತ್ತನಾಲ್ಕು ವರ್ಷಗಳ ಕಾಲ, ಇದ್ದರು. ಅಧಿಕಾರಕ್ಕೆ ಬಂದವರು ಮೊದಲು ಕೈಹಾಕಿದ್ದು ಪಠ್ಯಕ್ರಮಕ್ಕೆ. ಪ್ರಾಥಮಿಕ ಶಾಲೆಗೆ ಎಂಟನೆಯ ತರಗತಿಯನ್ನು ಸೇರಿಸುವ ಪ್ರಯತ್ನ ನಡೆಯಿತು. ಆ ತರಗತಿಯ ಹುಡುಗರಿಗೆ ಮರಗೆಲಸ, ಲೋಹದ ಕೆಲಸ ಕಲಿಯಲು ಕಮ್ಮಟಗಳೂ ಹುಡುಗಿಯರಿಗೆ ಅಡಿಗೆಮನೆಗಳೂ ಶಾಲೆಯಲ್ಲಿಯೇ ಏರ್ಪಟ್ಟವು. ಶಾಲೆಯ ತೋಟ, ಪ್ರಯೋಗಶಾಲೆ ಇವುಗಳೂ ಬಂದವು. ಮಕ್ಕಳು ಚಿತ್ರ ಬರೆಯುವ ಶಕ್ತಿ ವಯಸ್ಸಿನೊಡನೆ ಹೇಗೆ ಬೆಳೆಯುತ್ತದೆ ಎಂಬುದನ್ನು ತಿಳಿಯಲು ಅವರು ನಗರದ ಶಾಲಾಮಕ್ಕಳಿಂದ ಲಕ್ಷಾಂತರ ಚಿತ್ರಗಳನ್ನು ಬರೆಯಿಸಿ, ಪರೀಕ್ಷಿಸಿ, 1905ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಊಹೆಯನ್ನು ನಂಬದೆ ಎಣಿಸಿ ನೋಡುವ ಗಣಿತಜ್ಞನ ಸ್ವಭಾವ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಆದರೆ ಅವರ ಹೆಸರನ್ನು ಉಳಿಸಿದ ಕೆಲಸ ಶಾಲೆ ಬಿಟ್ಟ ಹುಡುಗರಿಗೆ ಸಂಬಂಧಿಸಿದ್ದು. 1900ರಲ್ಲಿ ಎರ್ಫುರ್ಟ್ ನಗರದ ವಿದ್ವತ್ಸಂಸ್ಥೆಯೊಂದು ಒಂದು ಪ್ರಬಂಧ ಸ್ಪರ್ಧೆಯನ್ನು ಏರ್ಪಡಿಸಿತು. ಪ್ರಾಥಮಿಕ ಶಾಲೆಯನ್ನು ಬಿಟ್ಟಂದಿನಿಂದ ಸೈನ್ಯದ ಸೇವೆಗೆ ಸೇರುವವರೆಗಿನ ಅವಧಿಯಲ್ಲಿ ತರುಣರನ್ನು ಒಳ್ಳೆಯ ನಾಗರಿಕರನ್ನಾಗಿ ರೂಪಿಸುವ ಬಗೆ ಯಾವುದು ಎಂಬುದೇ ವಿಷಯ. ಕೆರ್ಷೆನ್‌ಸ್ಟೈನರ್ ಅವರ ಪ್ರಬಂಧಕ್ಕೆ ಬಹುಮಾನ ಬಂದಿತು. 1901ರಲ್ಲಿ ಅದು ಪುಸ್ತಕವಾಗಿ ಹೊರಬಂದಿತು. ನಾಗರಿಕತ್ವವನ್ನು ಕುರಿತು ಭಾಷಣಗಳನ್ನು ಮಾಡಿದರೆ ಹದಿನೈದು ವರ್ಷದ ಹುಡುಗನು ಕೇಳಲಾರನು. ಅವನ ಮನಸ್ಸೆಲ್ಲ ತಾನು ಕಲಿಯುತ್ತಿರುವ ಕಸುಬಿನ ಮೇಲೆ ಇರುತ್ತದೆ. ಆದ್ದರಿಂದ ಆ ಕಸುಬಿನಿಂದಲೇ ಪಾಠವನ್ನು ಆರಂಭಿಸಬೇಕು ಎಂಬುದು ಅದರ ತಿರುಳು. ಈ ಮಾತು ಇಂದು ನಮಗೆ ಸಹಜವೆನಿಸಬಹುದು. ಅಂದು ಅದು ಹಾಗಿರಲಿಲ್ಲ. ಕಸುಬು ಬೇರೆ, ವಿದ್ಯೆ ಬೇರೆ. ಕೈಯಿಂದ ದುಡಿಯುವವನಿಗೆ ಸಂಸ್ಕೃತಿಯ ಗೊಡವೆಯೇಕೆ ಎಂದು ನಂಬಿದ್ದ ವಿದ್ವಾಂಸರೇ ಹೆಚ್ಚು. ಕಸುಬಿನ ಶಿಕ್ಷಣವೇ ಮನುಷ್ಯನ ಪೂರ್ಣ ಶಿಕ್ಷಣಕ್ಕೆ ಹೆಬ್ಬಾಗಿಲು ಎಂದು ವಾದಿಸಿದ ಕೆರ್ಷೆನ್‌ಸ್ಟೈನರ್ ಅವರನ್ನು ಅವರು ಸುಲಭವಾಗಿ ಒಪ್ಪಲಿಲ್ಲ.

ಪುಸ್ತಕ ಬರೆದು ಸುಮ್ಮನಿರುವ ಸ್ವಭಾವ ಅವರದಲ್ಲ. ಬವೇರಿಯದ ಹೊರಗೆ ಹೋಗಿ ಅಲ್ಲಿನ ಕಸುಬಿನ ಶಾಲೆಗಳನ್ನು ನೋಡಿ ಬಂದರು. ಅಲ್ಲಿನ ಒಳಿತು ಕೆಡಕುಗಳನ್ನು ಬರೆದಿಟ್ಟರು. 1900ರಿಂದಲೇ ಮ್ಯೂನಿಕ್ಕಿನ ಮುಂದುವರಿಕೆ ಶಾಲೆಗಳ ರೂಪವನ್ನು ಬದಲಾಯಿಸತೊಡಗಿದರು. ಹಿಂದೆ ಒಂದೇ ಬಡಾವಣೆಯ ಹುಡುಗರೆಲ್ಲ ಒಂದೇ ಕೊಠಡಿಯಲ್ಲಿ ಕುಳಿತು ಒಂದೇ ಪಾಠವನ್ನು ಕೇಳುತ್ತಿದ್ದರು. ಈಗ ಬಡಾವಣೆಯ ಬದಲು ಕಸುಬಿಗೊಂದು ಶಾಲೆಯಾಯಿತು. ಬಡಗಿಯ ಬಳಿ ಕಲಿಯುವವರದು ಒಂದು, ರೊಟ್ಟಿಯಂಗಡಿಯವರದು ಇನ್ನೊಂದು, ಕ್ಷೌರಿಕರದು ಮತ್ತೊಂದು. ಜೋಡು ಹೊಲಿಯುವವರು, ಮಾಂಸದಂಗಡಿಯವರು, ಬಣ್ಣ ಬಳಿಯುವವರು, ಅಚ್ಚುಮೊಳೆ ಜೋಡಿಸುವವರು, ಹೊಗೆಗೂಡು ಗುಡಿಸುವವರು ಇವರಿಗೂ ಪ್ರತ್ಯೇಕ ಶಾಲೆಗಳಾದವು. ಕೆಲವೇ ವರ್ಷಗಳಲ್ಲಿ ಹತ್ತಾರು ಕಸುಬುಗಳಿಗೆ ಈ ಏರ್ಪಾಡು ಹಬ್ಬಿತು. ಹುಡುಗರು ಹದಿನೆಂಟು ವರ್ಷ ವಯಸ್ಸಿನವರೆಗೆ ವಾರಕ್ಕೆ ಸುಮಾರು 8ರಿಂದ 10 ಗಂಟೆಗಳ ಕಾಲ ಇಲ್ಲಿಗೆ ಬರಬೇಕು. ಉಳಿದ ಹೊತ್ತೆಲ್ಲ ಯಜಮಾನನ ಬಳಿ ಕೆಲಸ.

ಇಲ್ಲಿಯೇ ದೊಡ್ಡ ತೊಡಕು ಎದುರಾಯಿತು. ರಾತ್ರಿಯ ಪಾಠವು ಪ್ರಯೋಜನವಿಲ್ಲದ್ದು, ದಣಿದ ದೇಹದೊಳಗೆ ವಿದ್ಯೆ ಇಳಿಯುವುದಿಲ್ಲ, ಆದ್ದರಿಂದ ಪಾಠಗಳು ಹಗಲಿನಲ್ಲಿಯೇ ನಡೆಯಬೇಕು ಎಂದು ಕೆರ್ಷೆನ್‌ಸ್ಟೈನರ್ ಹಟ ಹಿಡಿದರು. ಹಗಲೆಂದರೆ ಕೆಲಸದ ವೇಳೆ. ಯಜಮಾನರು ಸಿಡಿದೆದ್ದರು. ಕೈಕೆಳಗಿನ ಹುಡುಗನು ವಾರದಲ್ಲಿ ಒಂದು ದಿನ ಇಲ್ಲದಿದ್ದರೆ ಅಂಗಡಿಯ ಗತಿಯೇನು? ಕಸುಬನ್ನು ಕಲಿಸಲು ನಾವಿರುವಾಗ ಶಾಲೆಯ ಉಪಾಧ್ಯಾಯನು ಏನನ್ನು ಕಲಿಸಿಯಾನು? ಅವರ ದೂರು ಪೂರ್ತಿಯಾಗಿ ಸುಳ್ಳೂ ಆಗಿರಲಿಲ್ಲ. ಸಣ್ಣ ಕಮ್ಮಟದಲ್ಲಿ ಒಬ್ಬ ಹುಡುಗನ ಕೈಯೂ ಲೆಕ್ಕಕ್ಕೆ ಬರುತ್ತದೆ. ಉಳಿಯನ್ನು ಹಿಡಿದು ಗೊತ್ತಿಲ್ಲದ ಉಪಾಧ್ಯಾಯನು ಮರಗೆಲಸದ ಮೇಲೆ ಉಪನ್ಯಾಸ ಮಾಡಿದರೆ ಹುಡುಗರೇ ನಗುತ್ತಾರೆ.

ಕಾನೂನಿನ ಬಲದಿಂದ ಯಜಮಾನರ ಬಾಯಿ ಮುಚ್ಚಿಸುವುದು ಒಂದು ದಾರಿ. ಕೆರ್ಷೆನ್‌ಸ್ಟೈನರ್ ಅಷ್ಟಕ್ಕೇ ನಿಲ್ಲಲಿಲ್ಲ. ಅವರು ಯಜಮಾನರನ್ನೇ ಶಾಲೆಯ ಒಳಕ್ಕೆ ಕರೆದರು. ಆಯಾ ಕಸುಬಿನ ಸಂಘದವರೊಡನೆ ಕುಳಿತು ಮಾತನಾಡಿ, ಯಾವುದನ್ನು ಕಲಿಸಬೇಕು, ಯಾವ ಕ್ರಮದಲ್ಲಿ ಕಲಿಸಬೇಕು ಎಂಬುದನ್ನು ಅವರ ಸಲಹೆಯೊಂದಿಗೆ ಗೊತ್ತುಮಾಡಿದರು. ಕಟ್ಟಡ, ಕಮ್ಮಟ, ಉಪಾಧ್ಯಾಯರ ಸಂಬಳ ಇವು ನಗರಸಭೆಯ ಹೊಣೆ. ಸಾಮಗ್ರಿಗಳನ್ನು ಒದಗಿಸುವುದರಲ್ಲಿಯೂ ಶಾಲೆಯ ಮೇಲ್ವಿಚಾರಣೆಯಲ್ಲಿಯೂ ಸಂಘಗಳಿಗೆ ಪಾಲು ದೊರೆಯಿತು. ಕಲಿಸುವವರಲ್ಲಿಯೂ ಎರಡು ಬಗೆ. ಲೆಕ್ಕ, ಬರವಣಿಗೆ, ಪೌರನೀತಿ ಇವುಗಳಿಗೆ ತರಬೇತಿ ಪಡೆದ ಉಪಾಧ್ಯಾಯರು. ಕಮ್ಮಟದ ಕೆಲಸಕ್ಕೆ ಆ ಕಸುಬಿನಲ್ಲಿಯೇ ಪಳಗಿದ ಮೇಸ್ತ್ರಿಗಳು. ತಮ್ಮವನೇ ಒಬ್ಬನು ಶಾಲೆಯಲ್ಲಿ ಕಲಿಸುತ್ತಿರುವಾಗ ಯಜಮಾನನಿಗೆ ಶಾಲೆಯು ಪರಕೀಯವೆನಿಸದು. ವಿರೋಧವು ಒಂದೇ ದಿನದಲ್ಲಿ ಅಡಗಲಿಲ್ಲ. ಒಂದು ಸಂಘ ಒಪ್ಪಿತು, ಇನ್ನೊಂದು ಕಾದು ನೋಡಿತು, ಮತ್ತೊಂದು ಗೊಣಗುತ್ತಲೇ ಬಂದು ಸೇರಿತು. ಶಾಲೆಗೆ ಹೋಗಿ ಬಂದ ಹುಡುಗನು ಕೆಲಸದಲ್ಲಿ ಚುರುಕಾಗಿದ್ದಾನೆ ಎಂಬುದು ಕಂಡ ಮೇಲೆ ಮಾತು ಬೆಳೆಸುವ ಅಗತ್ಯವೂ ಕಡಿಮೆಯಾಯಿತು.

ಈ ಶಾಲೆಗಳಲ್ಲಿ ಪಾಠ ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬಹುದು. ಬಡಗಿಯ ಶಾಲೆಯನ್ನೇ ತೆಗೆದುಕೊಳ್ಳೋಣ. ಅದರ ನಡುವೆ ಕಮ್ಮಟವಿದೆ. ಯಜಮಾನನ ಬಳಿ ಹುಡುಗನಿಗೆ ಸಿಕ್ಕುವುದು ಕೆಲಸದ ಒಂದು ತುಣುಕು. ಅವಸರದ ಗಿರಾಕಿ ಕಾದಿರುವಾಗ ಮೊದಲಿನಿಂದ ಕೊನೆಯವರೆಗೆ ಒಂದು ಮೇಜನ್ನು ಅವನ ಕೈಗೆ ಯಾರು ಕೊಡುತ್ತಾರೆ? ಶಾಲೆಯ ಕಮ್ಮಟದಲ್ಲಿ ಅವನು ವಸ್ತುವನ್ನು ಆದಿಯಿಂದ ಅಂತ್ಯದವರೆಗೆ ತಾನೇ ಮಾಡಬೇಕು. ಮೊದಲು ಅದರ ನಕ್ಷೆಯನ್ನು ಬರೆಯಬೇಕು. ಅದು ಚಿತ್ರಲೇಖನದ ಪಾಠ. ಎಷ್ಟು ಹಲಗೆ ಬೇಕು, ಅದರ ಬೆಲೆಯೇನು, ಕೂಲಿಯೆಷ್ಟು, ಲಾಭವೆಷ್ಟು ಎಂದು ಗುಣಿಸಬೇಕು. ಅದು ಗಣಿತದ ಪಾಠ. ಯಾವ ಮರ ಎಲ್ಲಿ ಬೆಳೆಯುತ್ತದೆ, ಯಾವುದು ಒಣಗಿದಾಗ ಬಾಗುತ್ತದೆ, ಅಂಟು ಹೇಗೆ ಹಿಡಿಯುತ್ತದೆ ಎಂಬುದನ್ನು ತಿಳಿಯಬೇಕು. ಅದು ವಿಜ್ಞಾನದ ಪಾಠ. ಗಿರಾಕಿಗೆ ಪತ್ರ ಬರೆಯಬೇಕು, ಲೆಕ್ಕದ ಪುಸ್ತಕ ಇಡಬೇಕು. ಅದು ಭಾಷೆಯ ಪಾಠ. ರೊಟ್ಟಿಯಂಗಡಿಯ ಹುಡುಗನಿಗೆ ಹಲಗೆಯ ಬದಲು ಹಿಟ್ಟು, ಹುದುಗು, ಒಲೆ ಇವುಗಳ ಲೆಕ್ಕ.

ಪೌರನೀತಿಯ ಪಾಠವೂ ಅಲ್ಲಿಂದಲೇ ಹೊರಡುತ್ತಿತ್ತು. ಬಡಗಿಗಳ ಸಂಘ ಹಿಂದಿನ ಕಾಲದಲ್ಲಿ ಹೇಗಿತ್ತು, ಅದು ಏಕೆ ಏಳಿಗೆ ಹೊಂದಿತು, ಏಕೆ ಕ್ಷೀಣಿಸಿತು ಎಂಬುದರಿಂದ ಆರಂಭಿಸಿ, ಉಪಾಧ್ಯಾಯನು ನಗರದ ಆಡಳಿತ, ದೇಶದ ಕಾನೂನು, ಕೆಲಸಗಾರನ ಹಕ್ಕು ಬಾಧ್ಯತೆಗಳು ಇಲ್ಲಿಯವರೆಗೆ ಹುಡುಗರನ್ನು ಕರೆದೊಯ್ಯುತ್ತಿದ್ದನು. ಆರೋಗ್ಯ ರಕ್ಷಣೆಯ ಪಾಠವೂ ಇತ್ತು. ಹೊಗೆಗೂಡಿನ ಮಸಿ, ಅಚ್ಚುಕೂಟದ ಸೀಸ, ಹಿಟ್ಟಿನ ಧೂಳು ಇವುಗಳ ನಡುವೆ ಬಾಳಬೇಕಾದ ಹುಡುಗರಿಗೆ ಇದಕ್ಕಿಂತ ಅಗತ್ಯವಾದ ಪಾಠ ಇನ್ನಾವುದಿದ್ದೀತು!

ಇಷ್ಟೆಲ್ಲ ಮಾಡುವಾಗ ಅವರ ಕಣ್ಣು ಕೇವಲ ಸಂಪಾದನೆಯ ಮೇಲೆ ಇರಲಿಲ್ಲ. ಅವರ ಬರಹಗಳಲ್ಲಿ ಬರುವ ಒಂದು ಉದಾಹರಣೆ ಪ್ರಸಿದ್ಧವಾಗಿದೆ. ನಮ್ಮ ಗೊರವಂಕದ ಬಳಗಕ್ಕೆ ಸೇರಿದ ಒಂದು ಹಕ್ಕಿ ಯೂರೋಪಿನಲ್ಲಿದೆ. ಅದು ಗೂಡು ಕಟ್ಟಲೆಂದು ಜನರು ಮರದ ಪೆಟ್ಟಿಗೆಗಳನ್ನು ಮಾಡಿ ತೋಟದಲ್ಲಿ ತೂಗುಹಾಕುತ್ತಾರೆ. ಅಂತಹ ಪೆಟ್ಟಿಗೆಯನ್ನು ಮಾಡಲು ಹುಡುಗನೊಬ್ಬನು ಕುಳಿತಿದ್ದಾನೆಂದುಕೊಳ್ಳಿ. ತನ್ನ ಬಳಿಯಿರುವ ಹಲಗೆ ಸಾಕೆ? ಅದನ್ನು ಹೇಗೆ ಕತ್ತರಿಸಿದರೆ ವ್ಯರ್ಥವಾಗದು? ಅವನು ಯೋಚಿಸುತ್ತಾನೆ, ಒಂದು ಉಪಾಯ ಹೊಳೆಯುತ್ತದೆ, ಅದನ್ನು ಅಳೆದು ನೋಡುತ್ತಾನೆ, ತಪ್ಪೆಂದು ಕಂಡರೆ ಬಿಟ್ಟು ಇನ್ನೊಂದನ್ನು ಹುಡುಕುತ್ತಾನೆ. ಕೊನೆಗೆ ಪೆಟ್ಟಿಗೆ ಸಿದ್ಧವಾದಾಗ ಅದರ ಮೂಲೆಗಳು ಕೂಡಿವೆಯೆ, ಬಿರುಕು ಬಿಟ್ಟಿವೆಯೆ ಎಂಬುದನ್ನು ಗುರುಗಳು ಹೇಳಬೇಕಾಗಿಲ್ಲ, ಪೆಟ್ಟಿಗೆಯೇ ಹೇಳುತ್ತದೆ. ಹೀಗೆ ತನ್ನ ಕೆಲಸವನ್ನು ತಾನೇ ಪರೀಕ್ಷಿಸಿ ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುವುದರಲ್ಲಿ ವಿದ್ಯೆಯ ಬೀಜವಿದೆ ಎಂದು ಕೆರ್ಷೆನ್‌ಸ್ಟೈನರ್ ತಿಳಿದಿದ್ದರು. 1908ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದಲ್ಲಿ, ಪೆಸ್ಟಲಾಟ್ಸಿಯವರ ಸ್ಮರಣೆಯ ಸಮಾರಂಭದಲ್ಲಿ, ಅವರು ಇಂತಹ ದುಡಿಮೆಯ ಶಾಲೆಯೇ ಮುಂದಿನ ಕಾಲದ ಶಾಲೆ ಎಂಬ ವಿಚಾರವನ್ನು ಮಂಡಿಸಿದರು. 1912ರಲ್ಲಿ ಇದೇ ವಿಷಯವನ್ನು ಕುರಿತ ಅವರ ಪುಸ್ತಕ ಪ್ರಕಟವಾಗಿ ಹಲವು ಭಾಷೆಗಳಿಗೆ ಅನುವಾದಗೊಂಡಿತು.

ಮ್ಯೂನಿಕ್ಕಿನ ಶಾಲೆಗಳನ್ನು ನೋಡಲು ದೇಶವಿದೇಶಗಳಿಂದ ಜನರು ಬರತೊಡಗಿದರು. 1910ರಲ್ಲಿ ಅಮೆರಿಕದವರು ಕೆರ್ಷೆನ್‌ಸ್ಟೈನರ್ ಅವರನ್ನೇ ತಮ್ಮ ದೇಶಕ್ಕೆ ಬರಮಾಡಿಕೊಂಡರು. ಅವರು ಹಲವು ನಗರಗಳಲ್ಲಿ ಉಪನ್ಯಾಸಗಳನ್ನು ಕೊಟ್ಟರು. ಮರುವರ್ಷ, 1911ರಲ್ಲಿ, ಅಲ್ಲಿನ ವಿಸ್ಕಾನ್ಸಿನ್ ಸಂಸ್ಥಾನವು ದುಡಿಯುವ ಹುಡುಗರಿಗೆ ಮುಂದುವರಿಕೆ ಶಾಲೆಗಳನ್ನು ಏರ್ಪಡಿಸುವ ಕಾನೂನನ್ನು ಮಾಡಿತು. ಆದರೆ ಇಲಿನಾಯ್ ಸಂಸ್ಥಾನದಲ್ಲಿ ಕಸುಬಿನ ಶಾಲೆಗಳನ್ನು ಸಾಮಾನ್ಯ ಶಾಲೆಗಳಿಂದ ಪೂರ್ತಿಯಾಗಿ ಬೇರ್ಪಡಿಸುವ ಯೋಜನೆಯೊಂದು ಬಂದಾಗ, ಪ್ರಸಿದ್ಧ ತತ್ತ್ವಜ್ಞಾನಿ ಜಾನ್ ಡ್ಯೂಯಿ ಅದನ್ನು ಬಲವಾಗಿ ವಿರೋಧಿಸಿದರು. ಓದುವವರ ಮಕ್ಕಳು ಒಂದು ಕಡೆ, ದುಡಿಯುವವರ ಮಕ್ಕಳು ಇನ್ನೊಂದು ಕಡೆ ಎಂದು ಎಳೆವಯಸ್ಸಿನಲ್ಲಿಯೇ ಗೆರೆ ಎಳೆದರೆ ಪ್ರಜಾಪ್ರಭುತ್ವಕ್ಕೆ ಕೇಡು ಎಂಬುದು ಅವರ ನಿಲುವು. ಆ ಯೋಜನೆ ಕಾನೂನಾಗಲಿಲ್ಲ. ಸ್ವಾರಸ್ಯವೇನೆಂದರೆ ಕೆರ್ಷೆನ್‌ಸ್ಟೈನರ್ ಅವರು ಡ್ಯೂಯಿಯವರ ಗ್ರಂಥಗಳನ್ನು ಆದರದಿಂದ ಓದಿ, ಅವುಗಳಿಂದ ತಮಗಾದ ಲಾಭವನ್ನು ಮರೆಮಾಚದೆ ಒಪ್ಪಿಕೊಂಡಿದ್ದರು.

ಡ್ಯೂಯಿಯವರು ಎತ್ತಿದ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬಡವರ ಮಗನು ಒಳ್ಳೆಯ ಬಡಗಿಯಾಗುವಂತೆ ಮ್ಯೂನಿಕ್ಕಿನ ಶಾಲೆ ನೋಡಿಕೊಂಡಿತು. ಅವನು ಬಯಸಿದರೆ ವಿಶ್ವವಿದ್ಯಾನಿಲಯಕ್ಕೆ ಹೋಗುವ ದಾರಿಯನ್ನು ಅದು ತೆರೆಯಲಿಲ್ಲ. ಕೆಲಸ ಬಿಟ್ಟು ಪ್ರೌಢಶಾಲೆಯ ಬೆಂಚಿಗೆ ಮರಳಿದ್ದ ಕೆರ್ಷೆನ್‌ಸ್ಟೈನರ್ ಅವರ ಬದುಕನ್ನು ನೆನೆದಾಗ ಈ ಕೊರತೆ ಮನಸ್ಸಿಗೆ ತಟ್ಟದಿರದು. ಯಾವ ಕಸುಬನ್ನೂ ಹಿಡಿಯದೆ ಕೂಲಿ ಮಾಡುತ್ತಿದ್ದ ಹುಡುಗರಿಗೆ ದೊರೆತದ್ದು ಸಾಮಾನ್ಯ ಮುಂದುವರಿಕೆ ಶಾಲೆ ಮಾತ್ರ. ಹುಡುಗಿಯರ ಶಿಕ್ಷಣವು ಬಹುಮಟ್ಟಿಗೆ ಗೃಹಕೃತ್ಯವನ್ನೇ ಸುತ್ತಿತ್ತು. ನಾಗರಿಕನೆಂದರೆ ರಾಜ್ಯಕ್ಕೆ ನಿಷ್ಠೆಯಿಂದ ಉಪಯುಕ್ತನಾಗಿರುವವನು ಎಂಬ ಭಾವನೆಗೆ ಅವರು ಹೆಚ್ಚು ಬೆಲೆ ಕೊಟ್ಟರು, ಪ್ರಶ್ನಿಸುವವನಿಗೆ ಅಷ್ಟು ಕೊಡಲಿಲ್ಲ ಎಂದು ಮುಂದಿನ ಕಾಲದ ವಿಮರ್ಶಕರು ಆಕ್ಷೇಪಿಸಿದ್ದಾರೆ.

1912ರಿಂದ 1918ರವರೆಗೆ ಅವರು ಜರ್ಮನಿಯ ಸಂಸತ್ತಿನ ಸದಸ್ಯರೂ ಆಗಿದ್ದರು. ಈ ನಡುವೆ 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಕಸುಬು ಕಲಿತ ತರುಣರು ಉಳಿ ಸುತ್ತಿಗೆಗಳನ್ನು ಕೆಳಗಿಟ್ಟು ಬಂದೂಕನ್ನು ಹಿಡಿಯಬೇಕಾಯಿತು. ಅವರಲ್ಲಿ ಅನೇಕರು ಹಿಂದಿರುಗಲಿಲ್ಲ. ಯುದ್ಧ ಮುಗಿದ ಮೇಲೆ, 1919ರಲ್ಲಿ, ಅವರು ಅಧಿಕಾರದಿಂದ ನಿವೃತ್ತರಾದರು. ನಿವೃತ್ತಿಯೆಂದರೆ ವಿಶ್ರಾಂತಿಯಲ್ಲ, ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕರಾಗಿ ಬೋಧಿಸುತ್ತ, ಗ್ರಂಥಗಳನ್ನು ಬರೆಯುತ್ತ ಉಳಿದ ವರ್ಷಗಳನ್ನು ಕಳೆದರು. 1932ನೆಯ ಇಸವಿ ಜನವರಿ 15ರಂದು, ತಾವು ಹುಟ್ಟಿದ ಮ್ಯೂನಿಕ್ ನಗರದಲ್ಲಿಯೇ ಅವರು ತೀರಿಕೊಂಡರು. ಆಗ ಅವರಿಗೆ ಎಪ್ಪತ್ತೇಳು ವರ್ಷ.

ಅವರು ಕಟ್ಟಿದ ಮುಂದುವರಿಕೆ ಶಾಲೆಗಳೇ ಕಾಲಕ್ರಮದಲ್ಲಿ ಜರ್ಮನಿಯ ವೃತ್ತಿಶಾಲೆಗಳಾಗಿ ಬೆಳೆದವು. 1969ರಲ್ಲಿ ಪಶ್ಚಿಮ ಜರ್ಮನಿಯು ವೃತ್ತಿಶಿಕ್ಷಣದ ಕಾನೂನನ್ನು ಮಾಡಿ, ಕೆಲಸ ಕಲಿಸುವ ಸಂಸ್ಥೆಗಳ ಹೊಣೆಯನ್ನು ಸ್ಪಷ್ಟಗೊಳಿಸಿತು. ಇಂದು ಅಲ್ಲಿ ಕಸುಬು ಕಲಿಯುವ ತರುಣ ತರುಣಿಯರು ವಾರದಲ್ಲಿ ಒಂದೆರಡು ದಿನ ವೃತ್ತಿಶಾಲೆಗೆ ಹೋಗುತ್ತಾರೆ. ಉಳಿದ ದಿನಗಳಲ್ಲಿ ಕಾರ್ಖಾನೆಯಲ್ಲಿಯೋ ಕಮ್ಮಟದಲ್ಲಿಯೋ ಅಂಗಡಿಯಲ್ಲಿಯೋ ಕೆಲಸ ಕಲಿಯುತ್ತಾರೆ. ಶಾಲೆಗೆ ಹೋದ ದಿನದ ಸಂಬಳವನ್ನು ಯಾವ ಯಜಮಾನನೂ ಹಿಡಿದಿಟ್ಟುಕೊಳ್ಳುವಂತಿಲ್ಲ.